ನಿಂತಿದ್ದಕ್ಕೆ ಬಾಡಿಗೆ

ಒಳಗೇ ಬಾ, ರೋಲಂಡ್ ಪಾಸ್ಕ್. ಹೊರಗೆ ನಿಂತರೂ ಅಷ್ಟೇ,
ಚಳಿ ಎರಡೂ ಕಡೆ ಒಂದೇ ದರದಲ್ಲಿದೆ.
ಕೋಟು ಬಿಚ್ಚಬೇಡ. ನಾನೂ ಬಿಚ್ಚಿಲ್ಲ, ನೋಡು,
ಅಕ್ಟೋಬರಿನಿಂದ.
ನೀನು ಮೀನಂಗಡಿ ಮೇಬಲ್‌ಳ ಮೊಮ್ಮಗ ಅಲ್ಲವೇ?
ತೂಗುವಾಗ ತಕ್ಕಡಿಯಲ್ಲಿ ಹೆಬ್ಬೆರಳೂ ಇಡುತ್ತಿದ್ದಳು.
ಹೋಗಲಿ, ಸತ್ತವರ ಸುದ್ದಿ ಯಾಕೆ.

ಕೊಡು ನಿನ್ನ ಚೀಟಿ.
‘ಗಾಳಿಗೆ ಸುರಿಯುವ ಸಬ್ಸಿಡಿ ನಿಲ್ಲಲಿ,
ನಿಮ್ಮ ಮನೆಯ ಬಿಲ್ಲು ಇಳಿಯಲಿ.’
ಅಕ್ಷರ ದಪ್ಪಗಿದೆ, ಒಳ್ಳೆಯದಾಯಿತು.
ಈ ಬಲ್ಬು ಅಷ್ಟನ್ನೇ ಓದಿಸೋದು.

ಮೆಟ್ಟಿಲ ಕೆಳಗೆ ಮೀಟರ್ ಇದೆ,
ಬಗ್ಗಿ ನೋಡು, ನನ್ನ ಮಂಡಿ ಒಪ್ಪುವುದಿಲ್ಲ.
ಸೋಮವಾರ ಅಂಗಡಿಗೆ ಹೋಗಿ
ಕೀಲಿಯಲ್ಲಿ ಹತ್ತು ಪೌಂಡ್ ತುಂಬಿಸಿಕೊಂಡು ಬಂದೆ.
ಬುಧವಾರ ಒಲೆ ಹಚ್ಚಿಲ್ಲ. ಗುರುವಾರ ತಂಗಿಯ ಮನೆಯಲ್ಲಿದ್ದೆ.
ಆದರೂ ಕರಗಿದೆ, ನಾಲಿಗೆ ಮೇಲಿನ ಸಕ್ಕರೆ ಹಾಗೆ.
ಏನೂ ಉರಿಸದಿದ್ದರೂ ದಿನಕ್ಕಿಷ್ಟು ಅಂತ ಇದೆಯಂತೆ,
ಸ್ಟ್ಯಾಂಡಿಂಗ್ ಚಾರ್ಜ್ ಎಂದು ಅದರ ಹೆಸರು.
ನನ್ನದೇ ಅಡುಗೆಮನೆಯಲ್ಲಿ
ದೀಪ ಆರಿಸಿ ನಾನು ನಿಂತಿದ್ದಕ್ಕೆ
ಬಾಡಿಗೆ!

ಕಿಟಕಿಗೆ ಬಾ, ಮಬ್ಬಾಗುವ ಮೊದಲು ಎಣಿಸಬಹುದು.
ನಲವತ್ತೆಂಟು. ಇನ್ನೊಂದು ಚರ್ಚಿನ ಹಿಂದೆ ಅಡಗಿದೆ.
ಗಾಳಿಗೋಪುರ ಎಂದರೆ ಬರೀ ಮಾತು ಅಂದುಕೊಂಡಿದ್ದೆವು,
ಇವರು ಕಟ್ಟಿಯೇ ಬಿಟ್ಟರು, ಕಡಲೊಳಗೆ ಕಾಲೂರಿಸಿ.
ಮೊನ್ನೆ ರಾತ್ರಿ ಹೆಂಚು ಹಾರುವಂಥ ಗಾಳಿ,
ಅರ್ಧಕ್ಕರ್ಧ ಕೈಚಾಚಿ ಸುಮ್ಮನೆ ನಿಂತಿದ್ದವು.
ತಂತಿ ತುಂಬಿದೆ, ನಿಲ್ಲಿ, ಅಂದರಂತೆ.
ನಿಂತಿದ್ದಕ್ಕೆ ದುಡ್ಡೂ ಕೊಡುತ್ತಾರಂತೆ.
ಅದು ನಿಂತರೆ ಸಂಬಳ, ನಾನು ನಿಂತರೆ ದಂಡ.
ಇಲ್ಲಿ ನೀನು ತಲೆಯಾಡಿಸುತ್ತೀ ಅಂತ
ನನಗೆ ಗೊತ್ತಿತ್ತು.

ತಾಳು.
ನನ್ನ ಸಿರಿಲ್ ಕಲ್ಲಿದ್ದಲ ಸ್ಟೇಷನ್ನಿನಲ್ಲಿ ಇಪ್ಪತ್ತಾರು ವರ್ಷ.
ಅವನ ಅಂಗಿ ಹಿಂಡಿದರೆ ಮಸಿಕುಡಿಕೆಗೆ ತುಂಬಬಹುದಿತ್ತು.
ಕೊನೆಯ ಚಳಿಗಾಲ ಈ ಕುರ್ಚಿಯಲ್ಲಿ ಕೂತೇ ಮಲಗಿದ,
ಎದೆ ಒಲೆಯ ಕೊಳವೆಯಂತೆ ಸಿಳ್ಳೆ ಹಾಕುತ್ತಿತ್ತು.
ಆ ಉಸಿರಿನ ಬಾಬ್ತು ಯಾವ ಬಿಲ್ಲಿನಲ್ಲೂ ಬರೆದಿರಲಿಲ್ಲ,
ಅದನ್ನು ಇಳಿಸುತ್ತೇನೆ ಎಂದು
ಚೀಟಿ ಹಂಚಲು ಯಾರೂ ಬರಲೂ ಇಲ್ಲ.

ನಾಲ್ಕು ವರ್ಷದ ಹಿಂದೆ ಇದೇ ಕಾಲೊರಸಿನ ಮೇಲೆ
ನಿಮ್ಮ ಎದುರು ಪಕ್ಷದ ಹುಡುಗಿ ನಿಂತಿದ್ದಳು, ಹಸಿರು ಮಫ್ಲರು.
ಗಾಳಿ ಬಿಟ್ಟಿ ಸಿಗುತ್ತೆ, ಬಿಲ್ಲು ತಾನಾಗಿ ಇಳಿಯುತ್ತೆ ಅಂದಳು.
ಗಾಳಿಯೇನೋ ಬಿಟ್ಟಿಯೇ ಬಂತು,
ನಡುವೆ ಯಾರು ಯಾರು ಕೈಯೊಡ್ಡಿದರೋ.
ಈಗ ನೀನು. ಇದನ್ನು ನಿಲ್ಲಿಸಿದರೆ
ನನ್ನ ವಾರಕ್ಕೆ ಎಷ್ಟು ಪೆನ್ನಿ ಉಳಿಯುತ್ತೆ?
ಚೀಟಿ ತಿರುಗಿಸಿ ನೋಡಿದೆ, ಹಿಂದುಗಡೆ ನಿನ್ನ ಫೋಟೋ ಇದೆ,
ಸಂಖ್ಯೆ ಇಲ್ಲ.
ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ.
ತೂರೋದು ನೀವು, ಮಗಾ,
ಜೊಳ್ಳು ಬಂದು ಬೀಳೋದು ನನ್ನ ಕಣ್ಣಿಗೆ.

ತಂಗಿಯ ಮೊಮ್ಮಗಳು ಬ್ರಯೊನಿ ಅದರ ಮೇಲೆ ಹತ್ತುತ್ತಾಳೆ.
ದೋಣಿಯಲ್ಲಿ ದಿನಾ ವಾಂತಿ, ಆದರೂ ಹೋಗುತ್ತಾಳೆ,
ಮನೆಯ ಕಂತು ಅದರಿಂದಲೇ. ನೀವು ನಿಲ್ಲಿಸಿದರೆ
ಅವಳು ಎಲ್ಲಿಗೆ ಹತ್ತಬೇಕೋ.
ಒಂದು ಸಂಜೆ ತುದಿಯಲ್ಲಿ ನಿಂತು ಊರನ್ನೆಲ್ಲ ನೋಡಿದಳಂತೆ.
‘ಅಜ್ಜಿ, ಬೀದಿಯ ದೀಪ ಕಂಡಿತು, ಪಬ್ಬಿನದು ಕಂಡಿತು,
ನಿನ್ನ ಕಿಟಕಿ ಸಿಗಲೇ ಇಲ್ಲ.’
ಎಲ್ಲಿಂದ ಸಿಗಬೇಕು.

ಹೋಯಿತು ನೋಡು!
ಹೆದರಬೇಡ, ಕರೆಂಟು ಹೋದದ್ದಲ್ಲ,
ದುಡ್ಡು ಹೋದದ್ದು. ತುರ್ತಿನ ಸಾಲವೂ ಮೊನ್ನೆಯೇ ತೀರಿದೆ.
ಕೀಲಿ ನಿನ್ನ ಎಡಗಡೆ ಮೊಳೆಯ ಮೇಲಿದೆ, ತಡಕು.
ಟೀಪಾಟಿನ ಕೆಳಗೆ ಐದರ ನೋಟು.
ಅಂಗಡಿ ಏಳಕ್ಕೆ ಮುಚ್ಚುತ್ತಾನೆ.
ಚುನಾವಣೆಗೆ ನಿಂತಿದ್ದೀ ಅಲ್ಲವೇ?
ನಿಂತಿದ್ದು ಸಾಕು,
ಸ್ವಲ್ಪ ನಡೆ.