ಲೈನಿಂಗ್

ಚಮನ್‌ಸಾಬರು ಅಂಗಡಿಯ ಮೆಟ್ಟಿಲ ಕೆಳಗೇ ನಿಂತು ಹೇಳಿದರು:
"ರುಕ್ಮಾಬಾಯಿ, ಒಂದು ಲೈನಿಂಗ್ ಹೊಲಿಯೋದೈತಿ."
"ಅಳತೆ ಬ್ಲೌಸ್ ತಂದೀರೇನು?" ಅಂದೆ.
"ತರೋಕಾಗಂಗಿಲ್ಲ. ಕಾರಿಂದು."

ಬೇತೂರು ರಸ್ತೆಯ ಬದಿ, ಕುಶನ್ ಅಂಗಡಿಯ ತಗಡಿನ ನೆರಳಲ್ಲಿ
ಬಕ್ಕೇಶಪ್ಪನ ಫಿಯೆಟ್ಟು,
ಮುಂದಿನ ಗಾಜಿಲ್ಲ, ಹಿಂದಿನ ಗಾಜಿಲ್ಲ,
ಹಲ್ಲುಸೆಟ್ಟು ತೆಗೆದಿಟ್ಟ ಯಜಮಾನನ ಹಾಗೆ
ಬಾಯಿ ಬಿಟ್ಟುಕೊಂಡು ನಿಂತಿತ್ತು.
ಗಾಜಿನ ರಬ್ಬರಿನಡಿಗೆ ಬಟ್ಟೆಯ ಅಂಚು ಹೋಗಬೇಕಂತೆ.

ಹಿಂದಿನ ಸೀಟಿನ ಮೇಲೆ ಅಂಗಾತ ಮಲಗಿದೆ,
ಸೆರಗು ಸೊಂಟಕ್ಕೆ, ಟೇಪು ಕೊರಳಿಗೆ.
ಮೇಲೆ ಹಳೆಯ ಬಟ್ಟೆ ಜೋತುಬಿದ್ದಿತ್ತು,
ಬತ್ತಿದ ಎಮ್ಮೆಯ ಕೆಚ್ಚಲು.
ತುಂಬ ಸೀಳು. ಎಲ್ಲ ಒಂದೇ ಜಾಗದಲ್ಲಿ.
"ಬಾಸಿಂಗ ತಾಗಿದ್ದು," ಅಂದ ಬಕ್ಕೇಶಪ್ಪ.
"ಮೂವತ್ತು ವರ್ಷ ಮದುವಿ ಬಾಡಿಗಿಗೆ ಓಡ್ಸೀನಿ.
ಎಷ್ಟು ಹೇಳಿದ್ರೂ ಮದುಮಕ್ಕಳು ತಲಿ ಬಗ್ಸಂಗಿಲ್ಲ."
ಎಣಿಸಿದೆ. ಹನ್ನೊಂದು.
ಅದರಲ್ಲಿ ನನ್ನದಿಲ್ಲ.
ನಮ್ಮ ದಿಬ್ಬಣ ಹರಿಹರದಿಂದ ಬಂದದ್ದು
ಹತ್ತಿ ಅಂಡಿಗೆಯ ಲಾರಿಯಲ್ಲಿ; ಮೇಲೆ ಬರೀ ಆಕಾಶ.

ಕಿತ್ತಾಗ ಮುಖದ ಮೇಲೆ ಸುರಿದದ್ದು
ಮಂಡಕ್ಕಿ ಭಟ್ಟಿಯ ಮಸಿ, ಭತ್ತದ ಹೊಟ್ಟು,
ಅಕ್ಷತೆಯ ನಾಲ್ಕು ಕಾಳು,
ಯಾರದೋ ಕಿವಿಯೋಲೆಯ ತಿರುಪು.
ತಿರುಪನ್ನು ಬಕ್ಕೇಶಪ್ಪ ಜೇಬಿಗೆ ಹಾಕಿಕೊಂಡ,
ಇವತ್ತೋ ನಾಳೆಯೋ ಕೇಳಿಕೊಂಡು ಬರುತ್ತಾರೆಂಬಂತೆ.

ಐದು ಕಂಬಿ. ಐದೂ ಬಾಗಿದವು,
ಒಂದರಂತೆ ಒಂದಿಲ್ಲ.
ಚಮನ್‌ಸಾಬರು ಒಂದೊಂದಕ್ಕೂ ಚಿಂದಿ ಕಟ್ಟಿದ್ದರು,
ಮೊದಲನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು.
ಹುಡುಗ ಅತಾವುಲ್ಲಾ ಎಲ್ಲ ಬಿಚ್ಚಿ
ಅದೇ ಚಿಂದಿಗೆ ಕೈ ಒರೆಸಿಕೊಂಡ.
ಆಮೇಲೆ ಬೈಗುಳ, ಅರ್ಧ ಉರ್ದು, ಅರ್ಧ ದಾವಣಗೆರೆ.

ಹಳೆಯದರ ಹೊಲಿಗೆ ಬಿಚ್ಚಿ, ನೆಲಕ್ಕೆ ಹಾಸಿ
ಸೀಮೆಸುಣ್ಣ ಎಳೆದೆ.
ಕಂಬಿ ತೂರಲು ಐದು ಪಟ್ಟಿ,
ಲಂಗದ ಲಾಡಿಗೆ ಬಿಡುತ್ತೇವಲ್ಲ, ಹಾಗೆ.
ಇಷ್ಟು ಗೊತ್ತಿದ್ದ ಕೆಲಸ.

ಚೌಕಿಪೇಟೆಯಿಂದ ತಂದ ಕೆನೆಬಣ್ಣದ ಕಾಟನ್ನು
ಬಕೆಟ್ಟಿಗೆ ಅದ್ದಲು ಹೊರಟೆ.
ನಲವತ್ತು ವರ್ಷದ ಅಭ್ಯಾಸ:
ಲೈನಿಂಗ್ ಬಟ್ಟೆ ನೆನೆಯಬೇಕು, ಒಣಗಬೇಕು, ಆಮೇಲೆ ಕತ್ತರಿ.
ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ
ಗಿರಾಕಿಗಳು ಕಂಕುಳೆತ್ತಿ ತೋರಿಸಿ ಜಗಳಕ್ಕೆ ಬರುತ್ತಾರೆ.
ಮುದುಕ ಬಕೆಟ್ಟಿಗೆ ಕೈ ಅಡ್ಡ ಹಿಡಿದ:
"ಬ್ಯಾಡ್ರೀ. ಕುಗ್ಗೋದು ಮ್ಯಾಲೆ ಹೋಗಿ ಕುಗ್ಗಲಿ."

ನಡುವಿನ ಕಂಬಿ ಮೊದಲು. ಆಮೇಲೆ ಹಿಂದೆ, ಮುಂದೆ, ಮತ್ತೆ ಹಿಂದೆ.
ಮೂರು ನಾಲ್ಕು ಅದಲುಬದಲಾಗಿ ಗೂನು ಎದ್ದು
ಇಳಿಸಿ ಮತ್ತೆ ಏರಿಸಿದೆವು.
ಸೊಲ್ಯೂಷನ್ ವಾಸನೆಗೆ ತಲೆ ತಿರುಗಿ
ಒಮ್ಮೆ ಹೊರಗೆ ಬಂದು ಚಾ ಕುಡಿದೆ.
ಬಟ್ಟೆ ಎಳೆಯುವಾಗ ಮುದುಕನ ಬೆರಳು ನಡುಗುವುದಿಲ್ಲ.
ಸೂಜಿ ಹಿಡಿದರೆ ಮಾತ್ರ.
ಅದಕ್ಕೇ ನನ್ನನ್ನು ಕರೆದದ್ದು;
ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.
ಮೂಲೆಯ ಸುಕ್ಕುಗಳನ್ನು ಹಾಗೇ ಬಿಟ್ಟೆವು.
ಸಂಜೆ ಬಾಯಿ ತುಂಬ ನೀರು ತುಂಬಿಕೊಂಡು
ಇಸ್ತ್ರಿಯವನ ಹಾಗೆ ಫುರ್ರೆಂದು ಮೇಲಕ್ಕೆ ಊದಿದರು.
ಅರ್ಧ ಗಡ್ಡಕ್ಕೇ ಬಿತ್ತು.

ಬೆಳಿಗ್ಗೆ ಹೋದರೆ ಸುಕ್ಕಿಲ್ಲ.
ರಾತ್ರಿಯಿಡೀ ಯಾರೂ ಮುಟ್ಟದ ಬಟ್ಟೆ
ತನ್ನನ್ನು ತಾನೇ ಎಳೆದುಕೊಂಡು ಬಿಗಿದಿತ್ತು.
ಬೆರಳಿಂದ ತಟ್ಟಿದೆ. ದಿಮ್ ಅಂದಿತು.
ಎಷ್ಟು ಬಕೆಟ್ಟು ನೀರಲ್ಲಿ
ಇದನ್ನು ಚೆಲ್ಲಿದ್ದೆನೋ ನಾನು.

ಹಿಂದಿನ ಪಟ್ಟಿಯಲ್ಲಿ ಒಂದು ದಾರ ಇಳಿಬಿದ್ದಿತ್ತು.
ಕತ್ತರಿ ಅಂಗಡಿಯಲ್ಲಿ.
ಸೀಟಿನ ಮೇಲೆ ಮೊಣಕಾಲೂರಿ ಮುಖವೆತ್ತಿದೆ,
ಹಣೆ ಬಟ್ಟೆಗೆ ತಾಗಿತು.
ಹಲ್ಲಲ್ಲಿ ಕಚ್ಚಿ ತುಂಡು ಮಾಡಿದೆ.
"ಎಷ್ಟಾತು?" ಅಂದ ಬಕ್ಕೇಶಪ್ಪ.
ದಾರ ಇನ್ನೂ ನಾಲಿಗೆಯ ಮೇಲಿತ್ತು.