ಕುದುರೆ ಕಟ್ಟುವ ಕಲ್ಲು

ನಾನು ಬರೀ ಡ್ರೈವರ್.
ಕಾಷ್ಕಾ-ಒಯ್ ಊರಾಡಳಿತದ ಹಸಿರು ಜೀಪು,
ಎರಡನೇ ಗೇರಿಗೆ ಬೀಳಲು ಬೈಗುಳ ಬೇಕು ಅದಕ್ಕೆ.
ಸೋಮವಾರ ಬುರುಲ್ಚಾಳನ್ನು ಹಿಮನದಿಯ ಬುಡಕ್ಕೆ ಒಯ್ಯುತ್ತೇನೆ,
ಗುರುವಾರ ಸತಾರ್ಕುಲ್ ಯಜಮಾನರನ್ನು ಜಿಲ್ಲಾ ಕಚೇರಿಗೆ.
ಸೀಟು ಅದೇ. ಅವಳು ಬಿಟ್ಟುಹೋದ ಕೆಸರನ್ನು
ಅವರು ಬೂಟಿನ ತುದಿಯಿಂದ ಸರಿಸುತ್ತಾರೆ.
ಮೂರು ವರ್ಷ
ಇಬ್ಬರ ಮಾತುಕತೆ ಅಷ್ಟೇ ಇತ್ತು.

ವರದಿ ಇತ್ತು, ಇಲ್ಲವೆನ್ನಲಾರೆ.
ಅರವತ್ತೆರಡು ಪುಟ, ತಂದುಕೊಟ್ಟವನು ನಾನೇ.
ಯಜಮಾನರ ಮೇಜಿನ ಮೇಲೆ ಅದು, ಅದರ ಮೇಲೆ ಚಹಾದ ಕೆಟಲು.
ಬಿಸಿ ತಾಗಿ ತಾಗಿ ರಟ್ಟಿನಲ್ಲೊಂದು ಕಂದು ಉಂಗುರ,
ಒಳಗಿನ ನಕಾಶೆಯ ಸರೋವರದಷ್ಟೇ ದುಂಡಗೆ.
ಸರೋವರಕ್ಕೆ ಹೆಸರಿಲ್ಲ. ಹೆಸರಿಡುವಷ್ಟು ಹಳೆಯದಲ್ಲ.
ಅವಳು ಅದನ್ನು ಹದಿನೇಳು ಅನ್ನುತ್ತಾಳೆ.

ಒಮ್ಮೆ ಎದುರುಬದುರು ಕೂತಿದ್ದರು.
‘ಹತ್ತು ವರ್ಷದಲ್ಲಿ ಒಡೆಯುವ ಸಂಭವ
ನೂರಕ್ಕೆ ಹದಿನೈದರಿಂದ ನಲವತ್ತು’ ಎಂದಳು.
‘ಶಾಲೆ ಹೊಳೆದಂಡೆಯಲ್ಲಿದೆ. ತೆಗೆಯಲೋ, ಬಿಡಲೋ?’
‘ಅದನ್ನು ಹೇಳುವುದು ನನ್ನ ಕೆಲಸವಲ್ಲ.’
‘ನೂರಕ್ಕೆ ನಲವತ್ತು ಶಾಲೆಯನ್ನು ನಾನು ಹೇಗೆ ತೆಗೆಯಲಿ?’
ಅಡ್ಡಗೋಡೆ ಮೇಲೆ ದೀಪ ಇಟ್ಟು ಹೋದಳು, ಗೊಣಗಿದರು ಗುರುವಾರ.
ಗೋಡೆ ಕಟ್ಟಿದ್ದು ಯಾರು, ಕೇಳು ಅವರನ್ನ, ಅಂದಳು ಸೋಮವಾರ.
ನಾನು ಕೇಳಲಿಲ್ಲ.
ಕ್ಲಚ್ಚು ಒತ್ತಿದೆ.

ಜೂನಿನಲ್ಲಿ ಒಂದು ಸುಳ್ಳು ಹೇಳಿದೆ.
ಜಿಲ್ಲೆಯ ದಾರಿ ಕುಸಿದಿದೆ ಯಜಮಾನರೇ,
ಮೇಲಿನ ಕಣಿವೆ ಬಳಸಿ ಹೋಗಬೇಕು, ಅದೂ ಸೋಮವಾರವೇ.
ಅವರು ಮುಂದೆ, ಅವಳು ಹಿಂದೆ,
ನಡುವೆ ರೊಟ್ಟಿಯ ಗಂಟು, ಹಗ್ಗ, ಅಳತೆಗೋಲು.
ನಾಲ್ಕು ಗಂಟೆ, ಎಂಜಿನ್ನಿನದೇ ಭಾಷಣ.

ಸರೋವರ ಕಂಡಾಗ ಅವರು ಉಣ್ಣೆಟೊಪ್ಪಿ ತೆಗೆದರು.
ಬಿಸಿಲಿಗೆಂದುಕೊಂಡೆ. ಅಲ್ಲ.
ಏನನ್ನೋ ಹುಡುಕುತ್ತಿದ್ದರು ದಂಡೆಯುದ್ದಕ್ಕೂ.
‘ಅಗೋ ಆ ಕಲ್ಲು. ಅದರಲ್ಲಿ ತೂತಿದೆ ನೋಡು,
ಅಪ್ಪ ಕುದುರೆ ಕಟ್ಟುತ್ತಿದ್ದ.
ಕಲ್ಲಿನ ಬುಡದಲ್ಲಿ ಹುಲ್ಲಿತ್ತು. ಹುಲ್ಲು!’
ಈಗ ಕಲ್ಲಿನ ಎದೆಮಟ್ಟ ನೀರು, ಹಾಲು ಬೆರೆಸಿದ ಬಣ್ಣ.

‘ಯಾವ ವರ್ಷ?’ ಬುರುಲ್ಚಾಳ ಪೆನ್ಸಿಲು ಆಗಲೇ ಹೊರಗೆ.
‘ತಂಗಿಯ ತೊಟ್ಟಿಲು ಕಟ್ಟಿದ ವರ್ಷ. ಎಪ್ಪತ್ನಾಲ್ಕು.’
ಅವಳ ಬಳಿ ಇದ್ದದ್ದು ತೊಂಬತ್ತರಿಂದೀಚಿನ ಚಿತ್ರಗಳು.
ಅದರ ಹಿಂದಿನದೆಲ್ಲ ಈ ಮುದುಕನ ಬಾಯಲ್ಲಿ,
ಚಹಾ ಕುಡಿಯುವ ಅದೇ ಬಾಯಲ್ಲಿ ಇತ್ತು.

ಬಹಳ ಹೊತ್ತಿನ ಮೇಲೆ ಅವರು ಕೇಳಿದರು:
‘ನೂರಕ್ಕೆ ಇಷ್ಟು ಬೇಡ ಮಗಳೇ. ಕಲ್ಲಿನ ಮೇಲೆ ತೋರಿಸು.
ನೀರು ಎಲ್ಲಿಗೆ ಬಂದರೆ
ರಾತ್ರಿ ನಿನಗೆ ನಿದ್ದೆ ಹತ್ತುವುದಿಲ್ಲ?’

ಅವಳು ಬೂಟು ಕಳಚಲಿಲ್ಲ. ಹಾಗೇ ಇಳಿದಳು, ತೊಡೆಯವರೆಗೆ.
ತೂತಿಗಿಂತ ಒಂದು ಗೇಣು ಕೆಳಗೆ ಬೆರಳಿಟ್ಟಳು.
‘ಇಲ್ಲಿ. ತಪ್ಪಿರಬಹುದು.’
‘ತಪ್ಪಿದರೆ ಬೈಗುಳ ನನಗೆ.’
‘ಇಬ್ಬರಿಗೂ’ ಎಂದಳು, ಹಲ್ಲು ಕಟಕಟಿಸುತ್ತ.
ಬಂಪರಿಗೆಂದು ಇಟ್ಟ ಕೆಂಪು ಬಣ್ಣ ಜೀಪಿನಲ್ಲಿತ್ತು.

ಜುಲೈ ಕೊನೆಗೆ ನೀರು ಗೆರೆ ಮುಟ್ಟಿತು.
ಮರುಬೆಳಿಗ್ಗೆ ಯಜಮಾನರು ಯಾರನ್ನೂ ಕೇಳಲಿಲ್ಲ.
ಬೆಂಚು, ಕಪ್ಪುಹಲಗೆ, ಗಂಟೆ ಎಲ್ಲ ದಿಣ್ಣೆಯ ಮೇಲಿನ ಕಂಬಳಿ ಗುಡಾರಗಳಿಗೆ.
ರಜೆ ಮುಗಿದು ಬಂದ ಮಕ್ಕಳು ಅಲ್ಲೇ ಕೂತರು, ಹಿಮ ಬೀಳುವವರೆಗೆ.
ಸರೋವರ ಒಡೆಯಲಿಲ್ಲ.

ಬಾರದ ನೀರಿಗೆ ಓಡಿದ ಯಜಮಾನ ಅಂತ
ಸಂತೆಯಲ್ಲಿ ಕುರಿ ಮಾರುವವರು ಈಗಲೂ ನಗುತ್ತಾರೆ.
ಮುಂದಿನ ಚುನಾವಣೆ ಅವರಿಗೆ ಕಷ್ಟ.
ಮಗಳು ಕೇಳಿದಳು ನನ್ನ: ಅಪ್ಪಾ, ನೀರು ಬಂತಾ?
ಇಲ್ಲ ಅಂದೆ.
ಮತ್ಯಾಕೆ ಹೋಗ್ತೀರಿ?
ಉತ್ತರ ಹೊಳೆಯದೆ ಚಕ್ರಕ್ಕೆ ಗಾಳಿ ತುಂಬಿದೆ.

ಮೇ ತಿಂಗಳಲ್ಲಿ ಮತ್ತೆ ಹೋದೆವು, ಸುಳ್ಳಿಲ್ಲದೆ.
ಮಂಜು ತಿಂದು ಗೆರೆ ಅರ್ಧ ಸುಲಿದಿತ್ತು.
ಎರಡು ಬೆರಳು ಕೆಳಗೆ ಬಳಿಯೋಣ ಎನ್ನುತ್ತಾಳೆ ಅವಳು,
ಊರವರಿಗೆ ನಾನೇನು ಹೇಳಲಿ ಎನ್ನುತ್ತಾರೆ ಇವರು.
ಇಬ್ಬರ ಬೆರಳೂ ಅದೇ ಒದ್ದೆ ಕಲ್ಲಿನ ಮೇಲೆ.
ಡಬ್ಬ ಹಿಡಿದು ಕಾದೆ, ಕಾದೆ,
ಆಮೇಲೆ ಹೋಗಿ ಎಂಜಿನ್ ಆರಿಸಿದೆ.
ಪೆಟ್ರೋಲು ದುಬಾರಿ,
ಜಗಳ ಉದ್ದವಿತ್ತು.