ಇಸವಾಣದ ಅಳತೆ

ಚಪ್ಪಲಿಗಾದರೆ ಪಾದವೇ ಎಲ್ಲ ಹೇಳುತ್ತದೆ.
ರಟ್ಟಿನ ಮೇಲೆ ನಿಲ್ಲಿಸಿ
ಸುತ್ತ ಪೆನ್ಸಿಲ್ ಎಳೆದರೆ ಮುಗಿಯಿತು.
ಕಾಗದಕ್ಕೆ ಹೊದಿಕೆ ಹೊಲಿದವನಲ್ಲ ನಾನು.

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ
ವನಮಾಲಾ ತಾಂಡೇಲ
ಕೋಡಿಬಾಗ ರಸ್ತೆಯ ನನ್ನ ಕಟ್ಟೆಗೆ ಬಂದು
ಸುರುಳಿ ಬಿಚ್ಚಿದಳು:
ತಾರ್ಲೆ, ನೊಗ್ಲಿ, ಲೇಪೆ, ಎರಡು ಬಂಗಡೆ.
ಹುರುಪೆ ಹುರುಪೆ ಎಣಿಸಿ ಬರೆದದ್ದು.
ಹಾಳೆಯ ಮೂಲೆಗೆ ಕಲ್ಲಿಡಬೇಕೆಂದು
ನನ್ನ ಸುತ್ತಿಗೆ, ನನ್ನ ಆರಿ, ನನ್ನ ಚಾದ ಗ್ಲಾಸು.

"ಕೊಚ್ಚಿಯಲ್ಲಿ ಮೀನಿನ ಆಫೀಸಿನವರು ನೋಡ್ತಾರಂತೆ.
ಮಡಚಬಾರದು, ಸುತ್ತಬಾರದು.
ಒಂದು ಚರ್ಮದ ಫೈಲು ಮಾಡಿಕೊಡು ದಾದಾ."

ನಿಪ್ಪಾಣಿಯ ಎಮ್ಮೆ ತೊಗಲಿತ್ತು,
ತಂಗಡಿ ತೊಗಟೆಯಲ್ಲಿ ಹದವಾದದ್ದು, ತುಸು ಬಿಗಿ.
ಅಪ್ಪ ಕಲಿಸಿದ ಹಾಗೆ
ತಾರ್ಲೆ ಎಣ್ಣೆ ಕುಡಿಸಿ ಮೆತ್ತಗೆ ಮಾಡಿದೆ.
ಚಪ್ಪಲಿ ಎಷ್ಟು ಕುಡಿದರೂ ಯಾರೂ ಕೇಳುವುದಿಲ್ಲ.

ಎಂಟನೇ ದಿನ ಬಂದಳು.
ನೊಗ್ಲಿಯ ಹೊಟ್ಟೆಯ ಮೇಲೆ ಅಂಗೈಯಗಲ
ಹಳದಿ ಉಂಗುರ.
ನಾನು ರಂಪಿಗೆ ಮಸೆಯುತ್ತಾ ತಲೆ ಎತ್ತಲಿಲ್ಲ.
ಅವಳು ಹಾಳೆಗೆ ಮೂಗು ಹಚ್ಚಿ
"ಈಗ ನೋಡು, ವಾಸನೆಯೂ ಬಂತು" ಎಂದು ನಕ್ಕಳು.
ಆಮೇಲೆ ನಗದೆ,
"ಇದನ್ನು ಬರೆಯೋಕೆ ಹನ್ನೊಂದು ರಾತ್ರಿ" ಅಂದಳು.

ಎರಡನೆಯದಕ್ಕೆ ಎಣ್ಣೆ ಬಿಟ್ಟು
ಯಲ್ಲಾಪುರದ ಜೇನುಮೇಣ, ಬಿಸಿ ಮಾಡಿ, ಬಟ್ಟೆಯಲ್ಲಿ.
ಒಂದು ದಾರ, ಎರಡು ಸೂಜಿ,
ಒಂದೇ ತೂತಿನಲ್ಲಿ ಎದುರುಬದುರು ಹಾದು
ಒಂದು ಹರಿದರೂ ಇನ್ನೊಂದು ಬಿಡದ ಹೊಲಿಗೆ.
ಗುಂಡಿ ಮಾತ್ರ ಕಬ್ಬಿಣದ್ದು ಹಾಕಿದೆ, ಚಂದ ಕಂಡಿತ್ತು.
ಉಪ್ಪುಗಾಳಿಗೆ ಮೂರು ವಾರ ಸಾಕಾಯಿತು.
ಕಿತ್ತು, ತೊಗಲಿನದೇ ನಾಲಿಗೆ ಕತ್ತರಿಸಿ
ಸೀಳಿನಲ್ಲಿ ತೂರಿಸಿದೆ.
ಸರಿ, ಇನ್ನು ಮುಗಿಯಿತು ಅಂದುಕೊಂಡೆ.

ಆಗ ತಂದಳು ಇಸವಾಣ.
ಬೆಂಚಿನ ಆಚೆಗೆ ಬಾಲ, ಈಚೆಗೆ ಮೂತಿ,
ಮೂರೂಕಾಲು ಅಡಿ.

"ಸ್ವಲ್ಪ ಸಣ್ಣ ಬರೆದರಾಗದೆ?"
"ದೊಡ್ಡ ಕಾಲಿಗೆ ಸಣ್ಣ ಚಪ್ಪಲಿ ಹೊಲೀತೀಯಾ ನೀನು?"

ತೊಗಲಲ್ಲಿ ಒಳ್ಳೆಯ ಭಾಗ ಎರಡೂವರೆ ಅಡಿ.
ಆಮೇಲೆ ಮುಳ್ಳುತಂತಿ ಗೀರಿದ ಗಾಯ,
ಕುತ್ತಿಗೆಯ ನೆರಿಗೆ.
ಕೂಡಿಸಲೇಬೇಕು. ಕೂಡಿಸಿದ್ದು ಕಾಣಲೂಬಾರದು.
ಮೂರು ದಿನ ಅಡ್ಡ ಇಟ್ಟೆ, ಉದ್ದ ಇಟ್ಟೆ,
ಹೆಂಡತಿ ಊಟಕ್ಕೆ ಕರೆದದ್ದು ಕೇಳಲಿಲ್ಲ.

ಅವಳೇ ಬಂದು ಚಿತ್ರದ ಮೇಲೆ ಬೆರಳಿಟ್ಟಳು:
"ಕಿವಿರಿನಿಂದ ಈ ಗೆರೆ ನೆಟ್ಟಗೆ ಬರುತ್ತೆ ನೋಡು.
ಎರಡನೇ ಬೆನ್ನುರೆಕ್ಕೆ ಮುಗಿದಲ್ಲಿ
ಥಟ್ಟನೆ ಕೆಳಗಿಳಿಯುತ್ತೆ.
ಅಲ್ಲಿ ಕೂಡಿಸು. ಕಾಣಲಿ."

ಐವತ್ತು ವರ್ಷ ತಿಂದಿದ್ದೇನೆ ಈ ಮೀನು.
ದುಂಡಗೆ ಕೊಯ್ದು, ರವೆ ಹಚ್ಚಿ, ಕಾವಲಿಯ ಮೇಲೆ.
ಬಿಲ್ಲೆ ಬಿಲ್ಲೆಯಾಗಿ ಬಂದವನ ತಟ್ಟೆಗೆ
ಗೆರೆ ಎಲ್ಲಿಳಿಯಿತೆಂದು ಹೇಗೆ ತಿಳಿಯಬೇಕು?

ಅಂಚು ಒರಟಿತ್ತು. ಮರಳುಕಾಗದ ತರಚುತ್ತಿತ್ತು.
ಮರಳಲ್ಲಿ ಹೆಕ್ಕಿದ ಬಿಳಿ ಚೂರೊಂದ ಕೊಟ್ಟಳು,
ಕಪ್ಪೆಬಂಡಾಸೆಯೆಂಬ ಮೀನಿನ ಬೆನ್ನೊಳಗಿನದು,
ಸಮುದ್ರನೊರೆ ಎಂದು ಹೆಸರಂತೆ.
ನೊರೆಯೇ ಹೌದು, ಗಟ್ಟಿಯಾದ ನೊರೆ.
ಒದ್ದೆ ಮಾಡಿ ತಿಕ್ಕಿದರೆ
ಅಂಚು ಹುಣಸೆಬೀಜದ ಹಾಗೆ ಹೊಳೆಯಿತು.

ಶಿರವಾಡದ ಸ್ಟೇಷನ್ನಿನಲ್ಲಿ
ಬಾಗಿಲಿಗೆ ಅಡ್ಡ ಸಿಕ್ಕಿಕೊಂಡು
ಹಿಂದಿನವರು ಬಯ್ದರಂತೆ.
ನೆಟ್ಟಗೆ ನಿಲ್ಲಿಸಿ, ಮಗುವಿನ ಹಾಗೆ ತಬ್ಬಿ
ಕೊಚ್ಚಿಯವರೆಗೂ ನಿಂತೇ ಹೋದಳಂತೆ.

ಕೆಲಸ ಸಿಕ್ಕಿತೋ ಇಲ್ಲವೋ, ಅದನ್ನು ಹೇಳಲಿಲ್ಲ.
ನಿನ್ನೆ ಸಂಜೆ ಬಂದು
ಎರಡೂ ಕೈ ಚಾಚಿ ಅಗಲ ತೋರಿಸಿದಳು.
"ತೊರಕೆ ಶುರು ಮಾಡಿದ್ದೇನೆ ದಾದಾ."

ಆಗಲಿ, ಅಂದೆ.

"ಬಾಲ ಬೇರೆ ಇದೆ."